ಹಡಗಿಗೆ ಕಾಂಟಾ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ನಾನು ಕಲಬುರಗಿಯವನೇ. ಸಮುದ್ರ ಮೊದಲ ಸಲ ನೋಡಿದ್ದು 19ನೇ ವಯಸ್ಸಿನಲ್ಲಿ. ಆಮೇಲೆ ನನ್ನ ಅನ್ನವೆಲ್ಲ ಬಂದದ್ದು ಅದರಿಂದಲೇ. ಮೊದಲು ಹಡಗಿನ ಮೇಲೆ ಕೆಲಸ. ನಂತರ ಬಂದರುಗಳಲ್ಲಿ ಹಡಗು ತಪಾಸಣೆ ಮಾಡುವ ಸರ್ವೇಯರ್ ಕೆಲಸ. ನಮ್ಮೂರಲ್ಲಿ ಸರ್ವೇಯರ್ ಅಂದರೆ ಹೊಲ ಅಳೆಯುವವನು. ರಜೆಗೆ ಬಂದಾಗ ಪಹಣಿ ಹಿಡಿದುಕೊಂಡು ಮನೆಗೆ ಬಂದವರೂ ಇದ್ದಾರೆ. ಅವರಿಗೆ ಚಹಾ ಕುಡಿಸಿ ಕಳಿಸಿದ್ದೇನೆ, ಬೇರೆ ಏನು ಮಾಡಲಿ?

ನನ್ನ ಕಾಕಾನದು ನೆಹರು ಗಂಜಿನಲ್ಲಿ ಅಡತಿ ಅಂಗಡಿ. ತೊಗರಿ ವ್ಯಾಪಾರ. ಲಾರಿಯನ್ನೇ ತೂಗುವ ತಕ್ಕಡಿಗೆ ಅಲ್ಲಿ ಕಾಂಟಾ ಅಂತಾರೆ. ಒಂದು ದಿನ ಅಂಗಡಿಯ ಗಾದಿಯ ಮೇಲೆ ಕೂತು ಕೇಳಿದರು: "ಅಲ್ಲೋ ತಮ್ಮಾ, ಲಾರಿಗಿ ಕಾಂಟಾ ಅದ. ಹಡಗಿಗಿ ಕಾಂಟಾ ಎಲ್ಲಿಡ್ತಾರ?"

"ನೀರೇ ಕಾಂಟಾ, ಕಾಕಾ" ಅಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಹಡಗು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸಿ ತೇಲುತ್ತದೆ. ಸರಕು ಹಾಕಿದಷ್ಟೂ ಕೆಳಗಿಳಿಯುತ್ತದೆ. ಎಷ್ಟು ಇಳಿಯಿತು ಅಂತ ಓದಿದರೆ ಎಷ್ಟು ತುಂಬಿದ್ದಾರೆ ಅಂತ ಲೆಕ್ಕ ಹಾಕಬಹುದು. ಅದಕ್ಕಾಗಿ ಹಡಗಿನ ಮುಂದೆ, ನಡುವೆ, ಹಿಂದೆ, ಎಡಬಲ ಎರಡೂ ಬದಿಗೆ ಅಂಕಿಗಳನ್ನು ಬರೆದಿರುತ್ತಾರೆ. ಆರೂ ಕಡೆ ನೋಡಬೇಕು. ಒಂದೊಂದು ಅಂಕಿ 10 ಸೆಂಟಿಮೀಟರ್ ಎತ್ತರ. ಅಂಕಿಯ ಕಾಲು ಎಲ್ಲಿದೆಯೋ ಅದೇ ಅಳತೆ, ತಲೆಯಲ್ಲ.

ಹೊಸದರಲ್ಲಿ ನಾನು ಒಮ್ಮೆ ತಲೆಯನ್ನೇ ಅಳತೆ ಅಂದುಕೊಂಡೆ. 10 ಸೆಂಟಿಮೀಟರ್ ತಪ್ಪಾಯಿತು. ಅದೇನು ಮಹಾ ಅನ್ನಬೇಡಿ. ಸುಮಾರು 190 ಮೀಟರ್ ಉದ್ದದ ಸರಕು ಹಡಗು ಒಂದು ಸೆಂಟಿಮೀಟರ್ ಇಳಿಯಬೇಕಾದರೆ ಹತ್ತಿರ ಹತ್ತಿರ 50 ಟನ್ ಬೇಕು. 10 ಸೆಂಟಿಮೀಟರ್ ಅಂದರೆ 500 ಟನ್. ಲಾರಿಗೆ 25 ಟನ್ ಹಿಡಿದರೂ 20 ಲಾರಿ! ಆ ಹಡಗಿನ ಚೀಫ್ ಆಫೀಸರ್ ನನ್ನ ಕಾಗದ ನೋಡಿದರು, ಸಿಟ್ಟಾಗಲಿಲ್ಲ. ಸಣ್ಣ ದೋಣಿಯಲ್ಲಿ ಕೂಡಿಸಿಕೊಂಡು ಹೋಗಿ, ಅಂಕಿಯ ಹತ್ತಿರ ನಿಲ್ಲಿಸಿ, ಬೆರಳಿನಿಂದ ತೋರಿಸಿದರು. ಇವತ್ತಿಗೂ ಅಂಕಿ ಕಂಡರೆ ನನ್ನ ಕಣ್ಣು ಮೊದಲು ಅದರ ಕಾಲಿಗೆ ಹೋಗುತ್ತದೆ.

ಸರಿ, ತೂಕ ಗೊತ್ತಾಯಿತು. ಎಲ್ಲಿಗೆ ಸಾಕು ಅನ್ನುವುದು ಯಾರು? ಸುರಪುರದ ಕಡೆ ಕೃಷ್ಣಾ ನದಿಯಲ್ಲಿ ನೀಲಕಂಠರಾಯನ ಗಡ್ಡಿ ಇದೆಯಲ್ಲ, ಆ ಭಾಗದಲ್ಲಿ ಹಿಂದೆ ಹರಗೋಲು ನಡೆಸುವವರನ್ನು ನೋಡಿದ್ದೇನೆ. ಅವರ ಹತ್ತಿರ ತಕ್ಕಡಿ ಇರಲಿಲ್ಲ. ಜನ ಹತ್ತುತ್ತಿದ್ದರು, ಚೀಲ ಹತ್ತುತ್ತಿತ್ತು, ಒಂದೆರಡು ಆಡೂ ಹತ್ತುತ್ತಿದ್ದವು. ಹರಗೋಲಿನವನ ಕಣ್ಣು ಮಾತ್ರ ಅಂಚಿನ ಮೇಲೆ. ನೀರಿಗೂ ಅಂಚಿಗೂ ನಡುವೆ ಒಂದು ಗೇಣು ಉಳಿಯುವ ತನಕ ಹತ್ತಿಸುತ್ತಿದ್ದ. ಆಮೇಲೆ ಸಾಹುಕಾರ ಬಂದರೂ ಅಷ್ಟೇ, ದಡದಲ್ಲೇ ನಿಲ್ಲಬೇಕು.

ಹಡಗಿಗೂ ಆ ಗೇಣೇ ಮುಖ್ಯ. ನಮ್ಮ ಭಾಷೆಯಲ್ಲಿ ಅದನ್ನು ಫ್ರೀಬೋರ್ಡ್ ಅಂತಾರೆ. ಹರಗೋಲಿನವನಿಗೆ ತನ್ನ ಜೀವವೂ ಅದರಲ್ಲೇ ಇರುತ್ತದೆ, ಹಾಗಾಗಿ ಗೇಣು ಬಿಡುತ್ತಾನೆ. ಹಡಗಿನ ಮಾಲೀಕ ಹಡಗಿನಲ್ಲಿ ಇರುವುದಿಲ್ಲವಲ್ಲ!

19ನೇ ಶತಮಾನದ ಇಂಗ್ಲೆಂಡಿನಲ್ಲಿ ಇದೇ ಗೋಳು. ಹಳೇ ಹಡಗು, ಕುತ್ತಿಗೆವರೆಗೆ ಸರಕು, ಮೇಲೆ ದೊಡ್ಡ ವಿಮೆ. ಮುಳುಗಿದರೂ ಮಾಲೀಕನಿಗೆ ನಷ್ಟವಿಲ್ಲ. ಅಂಥವನ್ನು ಜನ ಶವಪೆಟ್ಟಿಗೆ ಹಡಗು ಅನ್ನುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಅಂತ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಡರ್ಬಿಯಿಂದ ಗೆದ್ದ ಸಂಸದ, ಇದರ ಹಿಂದೆ ಬಿದ್ದರು. 1875ರಲ್ಲಿ ಸರ್ಕಾರ ಮಸೂದೆಯನ್ನು ಮೂಲೆಗೆ ತಳ್ಳಿದಾಗ ಸಂಸತ್ತಿನಲ್ಲೇ ಮುಷ್ಟಿ ಬಿಗಿದು ಕೂಗಾಡಿದರು. 1876ರಲ್ಲಿ ಕಾನೂನು ಬಂತು: ಪ್ರತಿ ಹಡಗಿನ ಬದಿಗೆ, ನೀರು ಇದನ್ನು ದಾಟಬಾರದು ಅನ್ನುವ ಗೆರೆ ಇರಲೇಬೇಕು. ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಮಾಲೀಕನಿಗೇ ಬಿಟ್ಟರು! ಲಾರಿ ಮಾಲೀಕನ ಕೈಗೇ ದಂಡದ ಚೀಟಿ ಪುಸ್ತಕ ಕೊಟ್ಟ ಹಾಗೆ. ಆ ತೂತು ಮುಚ್ಚಲು 1890ರ ತನಕ ಕಾಯಬೇಕಾಯಿತು. ದೇಶದೇಶಗಳ ನಡುವೆ ಒಪ್ಪಂದವಾಗಿದ್ದು 1930ರಲ್ಲಿ. ಈಗ ನಡೆಯುತ್ತಿರುವುದು 1966ರ ಒಪ್ಪಂದ, ನಂತರದ ತಿದ್ದುಪಡಿಗಳ ಸಮೇತ.

ಮುಂದೆ ಎಂದಾದರೂ ಬಂದರಿಗೆ ಹೋದರೆ ಹಡಗಿನ ನಡುಭಾಗ ನೋಡಿ. ಒಂದು ಉಂಗುರ ಕಾಣುತ್ತದೆ, 300 ಮಿಲಿಮೀಟರ್ ಅಗಲದ್ದು. ಅದರ ನಡುವೆ ಅಡ್ಡಗೆರೆ. ಪಕ್ಕದಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಇನ್ನಷ್ಟು ಗೆರೆಗಳು. ಬರೀ ಬಣ್ಣ ಬಳಿದು ಬಿಡುವುದಿಲ್ಲ, ಕಬ್ಬಿಣದ ಮೇಲೆ ಅಳಿಯದ ಹಾಗೆ ಗುರುತು ಹಾಕಿರುತ್ತಾರೆ. ಬಣ್ಣವಾದರೆ ರಾತ್ರೋರಾತ್ರಿ ಮೇಲಕ್ಕೆ ಹೋದೀತು.

ಅಷ್ಟೊಂದು ಗೆರೆ ಯಾಕೆ? ಋತುವಿಗೊಂದು, ನೀರಿಗೊಂದು. ಗಾಣಗಾಪುರ ಸಂಗಮದಲ್ಲಿ ಈಜು ಕಲಿತ ನಾನು ಮೊದಲ ಸಲ ಸಮುದ್ರಕ್ಕಿಳಿದಾಗ, ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗಾಯಿತು. ಉಪ್ಪುನೀರು ಗಟ್ಟಿ, ಸಿಹಿನೀರು ತೆಳು. ಹಾಗಾಗಿ ನದಿಯ ಬಂದರಿನಲ್ಲಿ ಹಡಗು ಸ್ವಲ್ಪ ಜಾಸ್ತಿ ಮುಳುಗಿದರೂ ನಡೆಯುತ್ತದೆ, ಸಮುದ್ರಕ್ಕೆ ಹೋದಾಗ ತಾನೇ ಮೇಲೇಳುತ್ತದೆ.

ಋತುವಿನ ಲೆಕ್ಕ ನಮಗೆ ಇನ್ನೂ ಹತ್ತಿರದ್ದು. ಅರಬ್ಬಿ ಸಮುದ್ರದಲ್ಲಿ ಸೆಪ್ಟೆಂಬರ್‌ನಿಂದ ಮೇ ತನಕ ಉಷ್ಣವಲಯದ ಗೆರೆ, ಅಂದರೆ ಸ್ವಲ್ಪ ಜಾಸ್ತಿ ತುಂಬಬಹುದು. ಜೂನ್ 1ರಿಂದ ಆಗಸ್ಟ್ 31ರ ತನಕ ಬೇಸಿಗೆ ಗೆರೆ, ಅಂದರೆ ಕಡಿಮೆ. ನಮಗೆ ಅದು ಮಿರಗಾ ಮಳೆ ಶುರುವಾಗುವ ಕಾಲ, ಕಾಗದದಲ್ಲಿ ಅದರ ಹೆಸರು ಬೇಸಿಗೆ. ಇಂಗ್ಲಿಷರ ಬೇಸಿಗೆ ಇರಬೇಕು! ನಾವು ತೊಗರಿ ಬಿತ್ತಲು ಮುಗಿಲು ನೋಡುವ ಹೊತ್ತಿಗೆ, ಅದೇ ಮಳೆಗಾಳಿಗೆ ಅಲ್ಲಿ ಹಡಗಿನ ಗೆರೆ ಇಳಿದಿರುತ್ತದೆ. 12 ಮೀಟರ್ ಮುಳುಗುವ ಹಡಗಿಗೆ ಈ ಎರಡು ಗೆರೆಗಳ ನಡುವೆ 25 ಸೆಂಟಿಮೀಟರ್ ವ್ಯತ್ಯಾಸ. ಲಾರಿ ಲೆಕ್ಕ ನೀವೇ ಹಾಕಿಕೊಳ್ಳಿ.

ಇನ್ನು ನನ್ನ ನಿಜವಾದ ಮಾತಿಗೆ ಬರುತ್ತೇನೆ. ಗೆರೆ ಮುಳುಗಿಲ್ಲ ಅಂದರೆ ಹಡಗು ಸುರಕ್ಷಿತ ಅಂತ ಬಹಳ ಜನ ತಿಳಿದಿದ್ದಾರೆ, ಹಡಗಿನವರೂ ಸೇರಿ. ಹಾಗಲ್ಲ. ಆ ಗೇಣನ್ನು ಸುಮ್ನೆ ಕೊಟ್ಟಿರುವುದಿಲ್ಲ, ಷರತ್ತಿನ ಮೇಲೆ ಕೊಟ್ಟಿರುತ್ತಾರೆ. ಡೆಕ್ ಮೇಲಿನ ಪ್ರತಿ ಬಾಗಿಲು, ಪ್ರತಿ ಮುಚ್ಚಳ, ಪ್ರತಿ ಗಾಳಿಕೊಳವೆ ಬಿಗಿಯಾಗಿ ಮುಚ್ಚಬೇಕು. ಸಮುದ್ರ ಹೇಗೇ ಇರಲಿ, ನೀರು ಒಳಗೆ ಬರಬಾರದು. ಬಾಗಿಲು ಸಡಿಲವಾದ ದಿನ ಆ ಗೆರೆಗೆ ಬೆಲೆಯಿಲ್ಲ. ಗೆರೆಯ ಸರ್ಟಿಫಿಕೇಟ್ 5 ವರ್ಷಕ್ಕೆ ಕೊಟ್ಟರೂ ವರ್ಷ ವರ್ಷ ಹೋಗಿ ನೋಡುವುದು ಇದಕ್ಕೇ. ಗೆರೆ ಎಲ್ಲಿಗೂ ಓಡಿಹೋಗುವುದಿಲ್ಲ, ಮುಚ್ಚಳದ ರಬ್ಬರ್ ಸವೆಯುತ್ತದೆ.

1980ರ ಸೆಪ್ಟೆಂಬರ್‌ನಲ್ಲಿ ಡರ್ಬಿಶೈರ್ ಅನ್ನುವ ಬ್ರಿಟಿಷ್ ಹಡಗು ಕಬ್ಬಿಣದ ಅದಿರು ಹೊತ್ತು ಜಪಾನಿನ ಹತ್ತಿರ ಚಂಡಮಾರುತಕ್ಕೆ ಸಿಕ್ಕಿತು. 44 ಜನ ಇದ್ದರು, ಒಬ್ಬರೂ ಉಳಿಯಲಿಲ್ಲ. 1994ರಲ್ಲಿ 4 ಕಿಲೋಮೀಟರ್‌ಗೂ ಆಳದಲ್ಲಿ ಅದರ ಅವಶೇಷ ಸಿಕ್ಕಿತು. 2000ದಲ್ಲಿ ಮುಗಿದ ಮರುವಿಚಾರಣೆ ಹೇಳಿದ್ದು ಇಷ್ಟು: ಮೂತಿಯ ಹತ್ತಿರದ ಗಾಳಿಕೊಳವೆಗಳು ಅಲೆಗೆ ಮುರಿದವು. ಅಲ್ಲಿಂದ ನೀರು ಒಳಗಿಳಿಯಿತು. ಮೂತಿ ತಗ್ಗಿತು. ಅಲೆಗಳು ನೇರ ಮೊದಲನೇ ಹೋಲ್ಡಿನ, ಅಂದರೆ ಸರಕು ತುಂಬುವ ಕೋಣೆಯ, ಮುಚ್ಚಳದ ಮೇಲೆ ಬಿದ್ದು ಅದು ಕುಸಿಯಿತು. ಸುಮಾರು 300 ಮೀಟರ್ ಉದ್ದದ ಹಡಗು ಕಣ್ರೀ ಅದು. ಶುರುವಾಗಿದ್ದು ಕೊಳವೆಯಿಂದ.

ಹಾಗಾಗಿ ನಾನು ಹಡಗು ಹತ್ತಿದರೆ ಮೊದಲು ಮೂತಿಗೆ ಹೋಗುತ್ತೇನೆ. ಗಾಳಿಕೊಳವೆಯ ತಲೆಯೊಳಗೆ ಒಂದು ಚೆಂಡು ಇರುತ್ತದೆ. ನೀರು ಬಂದರೆ ಅದು ತೇಲಿ ಬಾಯಿ ಮುಚ್ಚಬೇಕು. ಒಂದು ಹಡಗಿನಲ್ಲಿ ಹೊರಗೆ ಫಳಫಳ ಹೊಸ ಬಣ್ಣ. ತಲೆ ಬಿಚ್ಚಿಸಿದೆ. ಚೆಂಡು ತುಕ್ಕಿಗೆ ಅಂಟಿ ಕೂತಿತ್ತು, ಸ್ಪ್ಯಾನರ್‌ನಿಂದ ತಟ್ಟಿದರೂ ಅಲುಗಲಿಲ್ಲ. ಹೊಸ ಬಣ್ಣ ಕಂಡರೆ ನನಗೆ ಅನುಮಾನ ಜಾಸ್ತಿ.

ಆಮೇಲೆ ಹೋಲ್ಡಿನ ಮುಚ್ಚಳ. ಬಾಯಿಯ ಅಂಚಿಗೆ ಕಬ್ಬಿಣದ ಪಟ್ಟಿ ಇರುತ್ತದೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಎರಡೂ ಒತ್ತಿ ಕೂರಬೇಕು. ಕಬ್ಬಿಣದ ಪಟ್ಟಿಗೆ ಸೀಮೆಸುಣ್ಣ ಬಳಿದು, ಮುಚ್ಚಿ, ಮತ್ತೆ ತೆರೆಸುತ್ತೇನೆ. ರಬ್ಬರಿನ ಮೇಲೆ ಬಿಳಿಗೆರೆ ಉದ್ದಕ್ಕೂ ಬಂದರೆ ಸರಿ. ಅವತ್ತು ಆ ಹಡಗಿನಲ್ಲಿ ಮೂಲೆಗೆ ಬಂದಾಗ ಗೆರೆ ನಿಂತುಹೋಗಿತ್ತು. ಒಂದು ಗೇಣಿನಷ್ಟು ಜಾಗ ಕಪ್ಪಗೇ ಇತ್ತು. ಬೆರಳು ಆಡಿಸಿದೆ. ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿ, ಹಳ್ಳ ಬಿದ್ದಿತ್ತು. "ಮೇಲೆ ಟೇಪ್ ಅಂಟಿಸ್ತೀವಿ ಸರ್" ಅಂದರು. ಟೇಪ್ ಬೇಡ, ರಬ್ಬರ್ ಬದಲಿಸಿ ಅಂದೆ. ಸುಣ್ಣದ ಗೆರೆ ಬಂದರೂ ಅಲ್ಲಿಗೆ ಮುಗಿಯುವುದಿಲ್ಲ, ಹೋಸ್ ಪೈಪ್ ಹಿಡಿದು ಒಂದೂವರೆ ಮೀಟರ್ ಒಳಗಿನಿಂದ ಜೋರಾಗಿ ನೀರು ಹೊಡೆಸಬೇಕು. ಸರಕು ತುಂಬಿದ್ದರೆ ನೀರು ಹೊಡೆಯಲಾಗದು. ಅದಕ್ಕೆ ಈಗ ಶಬ್ದದ ಯಂತ್ರ ಇದೆ. ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಹಚ್ಚಿಟ್ಟು, ಹೊರಗೆ ಎಲ್ಲಿ ಸೋರುತ್ತದೆ ಅಂತ ಹುಡುಕುವುದು.

ಇದನ್ನೆಲ್ಲ ಹೇಳಿದಾಗ ಕಾಕಾ ಒಂದು ಮಾತು ಅಂದರು. ಮೊಜಾಂಬಿಕ್‌ನಿಂದ, ಬರ್ಮಾದಿಂದ ತೊಗರಿ ಹಡಗಿನಲ್ಲೇ ಬರುತ್ತದೆ. ಅದು ಬಂದಾಗ ಗಂಜಿನಲ್ಲಿ ರೇಟು ಬೀಳುತ್ತದೆ. "ಅಂಥಾ ಹಡಗೊಂದು ಮುಳುಗಿದ್ರ ನಮ್ಮ ರೈತರಿಗಿ ಚೊಲೊ ಇತ್ತು ನೋಡು."

"ಕಾಕಾ, ಅದರಾಗ ಇಪ್ಪತ್ತು ಮಂದಿ ಇರ್ತಾರ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಂದಿ ದಂಡಿಗಿ ಬರಲಿ, ತೊಗರಿ ಮುಳುಗಲಿ" ಅಂದರು. ಅಷ್ಟು ರಾಜಿ ಸಾಕು ಅನ್ನಿಸಿತು.

ಆಮೇಲೆ ಎದ್ದು ನನ್ನನ್ನು ಗೋದಾಮಿಗೆ ಕರೆದೊಯ್ದರು. ಮೇ ತಿಂಗಳ ನಡುಮಧ್ಯಾಹ್ನ. ತಗಡಿನ ಚಾವಣಿ, ಒಳಗೆ ಒಲೆಯ ಕಾವು. ಕಾಕಾ ಶಟರ್ ಪೂರ್ತಿ ಇಳಿಸಿದರು. ಕತ್ತಲಾಯಿತು. ಮೇಲೆ ನೋಡಿದರೆ ತಗಡಿನಲ್ಲಿ ಚುಕ್ಕಿ ಚುಕ್ಕಿ ಬೆಳಕು. ಹಡಗಿನ ಹೋಲ್ಡಿನಲ್ಲಿ ನಾವೂ ಇದನ್ನೇ ಮಾಡುತ್ತೇವೆ, ಒಳಗೆ ಇಳಿದು ಮುಚ್ಚಳ ಹಾಕಿಸಿ ಬೆಳಕು ಹುಡುಕುತ್ತೇವೆ. ಕಾಕಾ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಡುತ್ತಾರಂತೆ. ಟೋಪಿ ತೆಗೆದು, ಕತ್ತು ಮೇಲೆತ್ತಿ, ಬೆರಳು ಮಡಚಿ ಎಣಿಸಿದರು.

"ಏಳು ಅವ."

"ಎಂಟು, ಕಾಕಾ. ಆ ಮೂಲ್ಯಾಗ ಇನ್ನೊಂದು ಅದ."

ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. ಹಮಾಲನಿಗೆ ಏಣಿ ತರಲು ಕೂಗಿದರು.