ಹನ್ನೆರಡು ದೋಸೆಯ ಕಾವಲಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಅಕ್ಕನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಏನಾದರೂ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ಹನುಮಂತನಗರದ ನಮ್ಮ ಮನೆಯಲ್ಲಿ ಠಿಕಾಣಿ ಹೂಡುತ್ತಾಳೆ. ಕಳೆದ ಸಲ ಬಂದಾಗ ಕೈಯಲ್ಲಿ ಹೊಸ ಲ್ಯಾಪ್‌ಟಾಪ್ ಇತ್ತು. ನನ್ನ ಮೇಜಿನ ಕೆಳಗಿರುವ ವರ್ಕ್‌ಸ್ಟೇಷನ್, ಅಂದರೆ ಭಾರಿ ಕೆಲಸಕ್ಕೆಂದೇ ಮಾಡಿದ ಕಂಪ್ಯೂಟರ್, ನೋಡಿ ನಕ್ಕಳು.

"ಮಾವ, ನಿಮ್ಮ ಪ್ರೊಸೆಸರ್ 2014ರದು. ಬರೀ ಎರಡೂವರೆ ಗಿಗಾಹರ್ಟ್ಜ್. ನಂದು 4.7. ಇನ್ನೂ ಯಾಕೆ ಇಟ್ಕೊಂಡಿದ್ದೀರಿ ಈ ಡಬ್ಬಾನ?"

ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು, ಗಿಗಾಹರ್ಟ್ಜ್ ಅಂದರೆ ಅದು ಓಡುವ ವೇಗ. ಆ ಡಬ್ಬಾ ನಾನು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಒಳಗಿರುವುದು ಇಂಟೆಲ್ ಜಿಯಾನ್ ಇ5-2680 ವಿ3. ಯಾವುದೋ ಆಫೀಸಿನಲ್ಲಿ ದುಡಿದು ನಿವೃತ್ತಿಯಾದ ಜೀವ. 12 ಕೋರ್, ಅಂದರೆ ಲೆಕ್ಕ ಮಾಡುವ ಹನ್ನೆರಡು ಘಟಕ. 24 ಥ್ರೆಡ್, ಅಂದರೆ ಒಂದೇ ಸಲಕ್ಕೆ ಹಿಡಿಯಬಲ್ಲ ಕೆಲಸದ ಎಳೆಗಳು. ಅವಳದು ಇಂಟೆಲ್‌ನದೇ ಕೋರ್ ಐ7-1255ಯು. 2022ರಲ್ಲಿ ಬಂದದ್ದು, 10 ಕೋರ್, 12 ಥ್ರೆಡ್. ಕಾಗದದ ಮೇಲೆ ನೋಡಿದರೆ ಅವಳು ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ.

ಅವತ್ತು ರಾತ್ರಿ ಅವಳು ಒಂದು ಮನೆಯ ಆರು ಚಿತ್ರಗಳನ್ನು ಬ್ಲೆಂಡರ್ ಅನ್ನುವ ಸಾಫ್ಟ್‌ವೇರಿನಲ್ಲಿ ರೆಂಡರ್ ಮಾಡಬೇಕಿತ್ತು. ರೆಂಡರ್ ಅಂದರೆ ಕಿಟಕಿಯಿಂದ ಬಂದ ಬೆಳಕು ಗೋಡೆಗೆ ಬಡಿದು, ನೆಲಕ್ಕೆ ಚಿಮ್ಮಿ, ಸೋಫಾದ ಕೆಳಗೆ ಎಷ್ಟು ಹೋಯಿತು ಅಂತ ಕಂಪ್ಯೂಟರ್ ಒಂದೊಂದೇ ಕಿರಣದ ಲೆಕ್ಕ ಹಾಕುವುದು. ಚಿತ್ರವನ್ನು ತುಂಡು ತುಂಡು ಮಾಡಿ ಎಲ್ಲ ಕೋರ್‌ಗಳಿಗೂ ಹಂಚುತ್ತಾರೆ. ಯಾರೂ ಸುಮ್ನೆ ಕೂರುವಂತಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲೇ ಮಾಡಬಹುದಲ್ಲ ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಮಾಡಬಹುದು, ಒಳ್ಳೆಯ ಕಾರ್ಡ್ ಇದ್ದವರು. ನನ್ನದು ಪರದೆಯ ಮೇಲೆ ಚಿತ್ರ ಮೂಡಿಸಿದರೆ ಸಾಕು ಅನ್ನುವ ಕಾರ್ಡು.

ಮೂರು ಅವಳಿಗೆ, ಮೂರು ನನಗೆ ಅಂತ ಹಂಚಿಕೊಂಡೆವು. ಊಟ ಮುಗಿಸಿ ರಾತ್ರಿ ಹತ್ತಕ್ಕೆ ಎರಡನ್ನೂ ಶುರು ಮಾಡಿದೆವು.

ಮೊದಲ ಒಂದು ನಿಮಿಷ ಅವಳ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡಿತು. ಆಮೇಲೆ ಫ್ಯಾನ್ ಅರಚಲು ಶುರುವಾಯಿತು. ಕೀಬೋರ್ಡ್ ಬಿಸಿಯಾಯಿತು. ವೇಗ ಇಳಿಯಿತು. ನೋಡಿದರೆ ಹುಡುಗಿ ಅದನ್ನು ರಜಾಯಿಯ ಮೇಲೆ ಇಟ್ಟಿದ್ದಾಳೆ! ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದೇ ಕೆಳಗಡೆ. ಎತ್ತಿ ಮರದ ಮಣೆಯ ಮೇಲೆ ಇಟ್ಟೆ. ಸ್ವಲ್ಪ ಚೇತರಿಸಿಕೊಂಡಿತು. ಆದರೂ ಮೊದಲ ನಿಮಿಷದ ಆ ಓಟ ಮತ್ತೆ ಬರಲಿಲ್ಲ.

ಯಾಕೆ ಅಂದರೆ, ಅದರ ಪ್ರೊಸೆಸರ್ ನುಂಗುವ ಕರೆಂಟಿಗೆ ಇಂಟೆಲ್ ಹಾಕಿರುವ ಮೂಲ ಲೆಕ್ಕ 15 ವಾಟ್. ಅವಸರಕ್ಕೆ 55 ವಾಟ್‌ವರೆಗೂ ಹೋಗಬಹುದು, ಆದರೆ ಸ್ವಲ್ಪ ಹೊತ್ತು ಮಾತ್ರ. 4.7 ಗಿಗಾಹರ್ಟ್ಜ್ ಅನ್ನುವುದು ಒಂದೆರಡು ಕೋರ್‌ಗಳು ಅರೆ ಗಳಿಗೆ ಓಡಿ ತೋರಿಸುವ ವೇಗ. ಹತ್ತೂ ಕೋರ್‌ಗಳು ಗಂಟೆಗಟ್ಟಲೆ ದುಡಿಯಬೇಕಾದಾಗ ಆ ಸಂಖ್ಯೆ ಡಬ್ಬದ ಮೇಲೆ ಮಾತ್ರ ಉಳಿಯುತ್ತದೆ. ಜೊತೆಗೆ ಆ ಹತ್ತರಲ್ಲಿ ಗಟ್ಟಿ ಕೋರ್‌ಗಳು ಎರಡೇ. ಉಳಿದ ಎಂಟು ಕರೆಂಟ್ ಉಳಿಸಲು ಇಟ್ಟ ಚಿಕ್ಕವು.

ನನ್ನ ಜಿಯಾನ್‌ನದು 120 ವಾಟ್. ಅದಕ್ಕೆ ತಕ್ಕಂತೆ ಮೇಲೆ ಬಿಸಿ ಹೀರಲು ಅಂಗೈ ಅಗಲದ ಲೋಹದ ಹೀಟ್‌ಸಿಂಕ್, ದಪ್ಪ ಫ್ಯಾನು. ಹತ್ತು ಗಂಟೆಗೆ ಯಾವ ವೇಗ ಇತ್ತೋ ಹನ್ನೆರಡಕ್ಕೂ ಅದೇ ವೇಗ.

ದರ್ಶಿನಿಯ ದೋಸೆ ಕಾವಲಿ ನೋಡಿದ್ದೀರಲ್ಲ? ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಒಂದೇ ಸಲಕ್ಕೆ ಹನ್ನೆರಡು ದೋಸೆ ಹುಯ್ಯುತ್ತಾರೆ. ಎಷ್ಟು ಹುಯ್ದರೂ ಕಾವು ಇಳಿಯುವುದಿಲ್ಲ. ಮನೆಯ ಕಾವಲಿ ಬೇಗ ಕಾಯುತ್ತದೆ, ಮೊದಲ ದೋಸೆ ಗರಿಗರಿಯಾಗಿ ಏಳುತ್ತದೆ. ಇಪ್ಪತ್ತು ಜನ ನೆಂಟರು ಬಂದರೆ ಗೊತ್ತಾಗುತ್ತದೆ ಅದರ ಪಾಡು. ಇನ್ನೊಂದು ಮಾತು. ದೊಡ್ಡ ಕಾವಲಿ ಇದ್ದರೆ ಸಾಲದು, ಹಿಟ್ಟು ತಂದುಕೊಡುವವರೂ ಬೇಕು. ಕಂಪ್ಯೂಟರಿನಲ್ಲಿ ಹಿಟ್ಟು ಬರುವುದು ಮೆಮೊರಿಯಿಂದ. ನನ್ನ ಜಿಯಾನ್‌ಗೆ ಮೆಮೊರಿಯಿಂದ ನಾಲ್ಕು ದಾರಿ, ಚಾನೆಲ್ ಅನ್ನುತ್ತಾರೆ. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಎರಡು. ಅವಳ ಪ್ರೊಸೆಸರ್ ಹೆಚ್ಚೆಂದರೆ 64 ಜಿಬಿ ಮೆಮೊರಿ ಹಿಡಿಸುತ್ತದೆ. ನನ್ನದು 768 ಜಿಬಿವರೆಗೂ. ಅಷ್ಟು ಹಾಕಿಲ್ಲ ಬಿಡಿ, ಹಾಕುವ ಯೋಗ್ಯತೆಯೂ ಇಲ್ಲ.

ಆದರೆ ದರ್ಶಿನಿಗೆ ಒಬ್ಬನೇ ಗಿರಾಕಿ ಬಂದರೆ? ಹನ್ನೊಂದು ದೋಸೆಯ ಜಾಗ ಖಾಲಿ. ಅವನ ಒಂದು ದೋಸೆ ಅದರಿಂದ ಬೇಗ ಬೇಯುವುದಿಲ್ಲ. ಜೀನ್ ಆಮ್ಡಾಲ್ ಅನ್ನುವ ಕಂಪ್ಯೂಟರ್ ಎಂಜಿನಿಯರ್ 1967ರಲ್ಲೇ ಇದನ್ನು ಹೇಳಿದ್ದ. ಕೆಲಸದಲ್ಲಿ ಹಂಚಲಾಗದ ಪಾಲು ಎಷ್ಟಿದೆಯೋ ಅದೇ ನಿಮ್ಮ ಕಾಲು ಕಟ್ಟುತ್ತದೆ, ಕೋರ್ ಎಷ್ಟೇ ಇರಲಿ. ಫೋಟೋ ತೆರೆಯುವುದು, ಬ್ರೌಸರ್, ಟ್ಯಾಲಿ, ಮನೆಯ ನಕ್ಷೆ ಎಳೆಯುವುದು, ಇದರಲ್ಲೆಲ್ಲ ಅವಳ ಲ್ಯಾಪ್‌ಟಾಪ್ ನನ್ನದಕ್ಕಿಂತ ಚುರುಕು. ಒಪ್ಪಿಕೊಳ್ಳಲೇಬೇಕು.

ಇನ್ನೂ ಒಂದು ಕಡೆ ನನಗೆ ಮುಖಭಂಗ ಆಯಿತು, ಅದೂ ನನ್ನ ಕಸುಬಿನಲ್ಲೇ. ಒಂದು ಧಾರೆ ಮುಹೂರ್ತದ ವಿಡಿಯೋ, ಎಡಿಟ್ ಎಲ್ಲ ಮುಗಿದಿದೆ, ಕೊನೆಯ ಫೈಲ್ ಮಾತ್ರ ತೆಗೆಯಬೇಕು. ಸುಮ್ನೆ ನೋಡೋಣ ಅಂತ ಅವಳದ್ದರಲ್ಲೂ ಹಾಕಿದೆ. ಲ್ಯಾಪ್‌ಟಾಪ್ ಮೊದಲು ಮುಗಿಸಿತು! ಕಾರಣ ಕೋರ್ ಅಲ್ಲ. ಅವಳ ಚಿಪ್ಪಿನೊಳಗೇ ವಿಡಿಯೋ ಕುಗ್ಗಿಸಲು ಬೇರೆಯೇ ಒಂದು ಪುಟ್ಟ ಯಂತ್ರಭಾಗ ಇದೆ, ಕ್ವಿಕ್ ಸಿಂಕ್ ಅಂತ. ನನ್ನ ಜಿಯಾನ್‌ಗೆ ಒಳಗಿನ ಗ್ರಾಫಿಕ್ಸೂ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಎಲ್ಲವನ್ನೂ ರಟ್ಟೆಬಲದಲ್ಲೇ ಮಾಡಬೇಕು.

ಅಂಗಡಿಗೆ ಹೋಗುವವರಿಗೆ ಒಂದು ಮಾತು. ಐ7 ಅಂದ ತಕ್ಷಣ ಎಲ್ಲ ಐ7 ಒಂದೇ ಅಂದುಕೊಳ್ಳಬೇಡಿ. ಕೊನೆಯ ಅಕ್ಷರ ನೋಡಿ. ಅವಳದು ಯು. ಅದೇ ಪೀಳಿಗೆಯ ಐ7-12700ಎಚ್‌ನಲ್ಲಿ 14 ಕೋರ್, ಮೂಲ ಲೆಕ್ಕವೇ 45 ವಾಟ್. ಅಂಥ ಲ್ಯಾಪ್‌ಟಾಪ್ ಬಂದಿದ್ದರೆ ನಕ್ಕವಳ ಮುಂದೆ ನಾನು ತೆಪ್ಪಗೆ ಕೂರಬೇಕಾಗುತ್ತಿತ್ತು. ಈಗಿನ ದೊಡ್ಡ ವರ್ಕ್‌ಸ್ಟೇಷನ್‌ಗಳ ಕಥೆ ಬೇರೆ. 2023ರ ಎಎಂಡಿ ಥ್ರೆಡ್‌ರಿಪ್ಪರ್ ಪ್ರೋ 7995ಡಬ್ಲ್ಯುಎಕ್ಸ್‌ನಲ್ಲಿ 96 ಕೋರ್, 350 ವಾಟ್. ಬಿಡುಗಡೆಯಾದಾಗ ಬೆಲೆ 9,999 ಡಾಲರ್, ಅದೂ ಪ್ರೊಸೆಸರ್ ಒಂದಕ್ಕೇ. ನಾವು ಹೆಸರು ಕೇಳಿ ಕೈಮುಗಿಯುವುದು, ಅಷ್ಟೆ.

ಜಿಯಾನ್ ಅಂದಾಗ ನನಗೆ ಸ್ವಲ್ಪ ಊರಿನ ಅಭಿಮಾನವೂ ಇದೆ. 2008ರಲ್ಲಿ ಬಂದ ಆರು ಕೋರಿನ ಜಿಯಾನ್ 7400, ಒಳಹೆಸರು ಡನಿಂಗ್ಟನ್, ವಿನ್ಯಾಸವಾದದ್ದು ನಮ್ಮ ಬೆಂಗಳೂರಿನಲ್ಲೇ. ಅದರಲ್ಲಿದ್ದ ಟ್ರಾನ್ಸಿಸ್ಟರ್‌ಗಳು, ಅಂದರೆ ಅತಿ ಸಣ್ಣ ವಿದ್ಯುತ್ ಸ್ವಿಚ್ಚುಗಳು, 190 ಕೋಟಿ. ನಮ್ಮ ಟ್ರಾಫಿಕ್ ಬೈಯುತ್ತಾ ಆಫೀಸಿಗೆ ಹೋದವರು ಮಾಡಿದ ಕೆಲಸ ಅದು.

ವರ್ಕ್‌ಸ್ಟೇಷನ್‌ಗಳಲ್ಲಿ ಇನ್ನೊಂದು ಗುಣ ಉಂಟು, ಹೊರಗೆ ಕಾಣುವುದಿಲ್ಲ: ಮೆಮೊರಿಯಲ್ಲಿ ಆದ ತಪ್ಪನ್ನು ಹಿಡಿಯುವುದು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್ ಎಂಬಲ್ಲಿ ಚುನಾವಣೆ ನಡೆದಾಗ ಒಬ್ಬ ಅಭ್ಯರ್ಥಿಗೆ ಇದ್ದಕ್ಕಿದ್ದಂತೆ 4,096 ಮತ ಜಾಸ್ತಿ ಬಂದವು. 4,096 ಅಂದರೆ ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ. ಮೆಮೊರಿಯಲ್ಲಿ ಒಂದೇ ಒಂದು ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದನ್ನು ಹಿಡಿದಿಡುವ ಅತಿ ಚಿಕ್ಕ ಮನೆ, ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಸರಿಯಾಗಿ ಇಷ್ಟೇ ವ್ಯತ್ಯಾಸ ಬರಬಹುದು. ಆಕಾಶದಿಂದ ಬಂದ ಕಾಸ್ಮಿಕ್ ಕಿರಣದ ಕೈವಾಡ ಇರಬಹುದು ಅನ್ನುವ ಗುಮಾನಿ. ಜಿಯಾನ್‌ನಂಥ ಪ್ರೊಸೆಸರ್‌ಗಳ ಜೊತೆ ಇಸಿಸಿ ಅನ್ನುವ ಮೆಮೊರಿ ಹಾಕಬಹುದು. ಪ್ರತಿ 64 ಬಿಟ್‌ಗೆ ಎಂಟು ಬಿಟ್ ಪಹರೆಗೆ. ಒಂದು ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಮದುವೆ ವಿಡಿಯೋದಲ್ಲಿ ಒಂದು ಚುಕ್ಕಿಯ ಬಣ್ಣ ಬದಲಾದರೆ ಬೀಗರು ಜಗಳಕ್ಕೆ ಬರುವುದಿಲ್ಲ. ಸೇತುವೆಯ ಲೆಕ್ಕ ಹಾಕುವವರಿಗೆ ಮಾತ್ರ ಅದು ಬೇಕೇ ಬೇಕು.

ಇನ್ನು ಆ ರಾತ್ರಿಯ ಕಥೆ. ಎರಡು ಗಂಟೆಯ ಹೊತ್ತಿಗೆ ನನ್ನ ಮೂರೂ ಚಿತ್ರ ಮುಗಿದಿದ್ದವು. ಅವಳದು ಎರಡನೆಯದರಲ್ಲಿ ತೆವಳುತ್ತಿತ್ತು. "ಕೊಡಮ್ಮ, ಕೊನೇದನ್ನ ನಾನೇ ಮುಗಿಸ್ತೀನಿ" ಅಂತ ಸ್ವಲ್ಪ ಗತ್ತಿನಿಂದಲೇ ಇಸಿದುಕೊಂಡೆ. ಅರ್ಧ ಆಗಿತ್ತು. ಗುಡುಗು ಬಂತು, ಮಳೆ ಬಂತು, ಕರೆಂಟ್ ಹೋಯಿತು.

ಪೂರ್ತಿ ದುಡಿಯುವಾಗ ನನ್ನ ಪೆಟ್ಟಿಗೆ ಸುಮಾರು 200 ವಾಟ್ ನುಂಗುತ್ತದೆ. ಐದು ಗಂಟೆ ಓಡಿದರೆ ಬೆಸ್ಕಾಂನ ಒಂದು ಯುನಿಟ್. ನನ್ನ ಯುಪಿಎಸ್‌ನ ಬ್ಯಾಟರಿಗೆ ವಯಸ್ಸಾಗಿದೆ. ಕೀ ಕೀ ಅಂತ ನಾಲ್ಕು ನಿಮಿಷ ಅತ್ತು ನಿಂತೇಹೋಯಿತು. ಅರ್ಧ ಚಿತ್ರ ನೀರುಪಾಲು.

ಕತ್ತಲಲ್ಲಿ ಮರದ ಮಣೆಯ ಮೇಲೆ ಅವಳ ಲ್ಯಾಪ್‌ಟಾಪ್ ಮಾತ್ರ ಬೆಳಗುತ್ತಿತ್ತು. ಬ್ಯಾಟರಿಗೆ ಬಂದಾಗ ವೇಗ ಇನ್ನೂ ಸ್ವಲ್ಪ ತಗ್ಗಿತು, ಆದರೆ ನಿಲ್ಲಲಿಲ್ಲ. ಮುಕ್ಕಾಲು ಗಂಟೆಗೆ ಕರೆಂಟ್ ಬಂತು. ಅವಳು ನನ್ನನ್ನು ಕೇಳಲೂ ಇಲ್ಲ. ಕೊನೆಯ ಚಿತ್ರವನ್ನೂ ತನ್ನದರಲ್ಲೇ ಹಾಕಿ ಮಲಗಿದಳು. ಬೆಳಿಗ್ಗೆ ಕಾಫಿ ಹೊತ್ತಿಗೆ ಮುಗಿದಿತ್ತು.

ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು, "ಮಾವ, ಡಬ್ಬಾ ಪರವಾಗಿಲ್ಲ. ಬ್ಯಾಟರಿ ಹಾಕ್ಸಿ."

ಈ ಭಾನುವಾರ ಎಸ್‌.ಪಿ. ರೋಡಿಗೆ ಹೋಗಬೇಕು ಅಂದುಕೊಂಡಿದ್ದೆ. ಭಾನುವಾರ ಅಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ, ಅಲ್ವಾ? ಸೋಮವಾರ ನೋಡೋಣ. ನಮಸ್ಕಾರ.