ಜಡ್ಜನ್ನು ಆರಿಸೋದು ಯಾರು? ಎಲ್ಲಾ ಜಗಳ ‘ಕೇಳು’ ಅನ್ನೋ ಮಾತಿಂದ

[ದೃಶ್ಯ: ಶಿವಮೊಗ್ಗದ ಕೋರ್ಟ್ ಆವರಣ. ಮಳೆ. ಗೋಡೆಗೆ ಒರಗಿಸಿದ ಒದ್ದೆ ಕೊಡೆಗಳು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಪತ್ರ]

ನಮಸ್ಕಾರ. ಹೆಸರು ಕೂಗೋದನ್ನೇ ಕಾಯ್ತಾ ಕೂತವರನ್ನು ಸುಮ್ನೆ ಮಾತಾಡಿಸಿ. ಒಬ್ಬರದು ಬಗರ್‌ಹುಕುಂ, ಇನ್ನೊಬ್ಬರದು ಅರಣ್ಯ ಒತ್ತುವರಿ, ಮತ್ತೊಬ್ಬರದು ಪರಿಹಾರದ ಹಣ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಇವರೆಲ್ಲರ ಎದುರು ಪಾರ್ಟಿ ಯಾರು? ಸರ್ಕಾರ. ಹಾಗಿದ್ದ ಮೇಲೆ ಜಡ್ಜನ್ನೂ ಸರ್ಕಾರವೇ ಆರಿಸಿದರೆ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸಾಗರ, ತೀರ್ಥಹಳ್ಳಿಯ ಸಿವಿಲ್ ಜಡ್ಜ್‌ಗಳ ಬಗ್ಗೆ ಈ ಜಗಳ ಇಲ್ಲ. ಅವರು ಹೈಕೋರ್ಟ್ ನಡೆಸುವ ಪರೀಕ್ಷೆ ಬರೆದು ಬಂದವರು. ಕನ್ನಡ–ಇಂಗ್ಲಿಷ್ ಅನುವಾದಕ್ಕೂ ಒಂದು ಪತ್ರಿಕೆ ಇರುತ್ತೆ. ಜಗಳ ಇರೋದು ಹೈಕೋರ್ಟ್, ಸುಪ್ರೀಂ ಕೋರ್ಟ್ ಜಡ್ಜ್‌ಗಳದ್ದು. ಅಲ್ಲಿ ಪರೀಕ್ಷೆ ಇಲ್ಲ.

[ದೃಶ್ಯ: ಸಂವಿಧಾನದ ಪುಟ, 124ನೇ ವಿಧಿ]

ಸಂವಿಧಾನ ಹೇಳೋದು ಇಷ್ಟೇ: ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಿ ನೇಮಕ ಮಾಡಬೇಕು. ಕೇಳಿ! ‘ಅಪ್ಪನನ್ನು ಕೇಳು’ ಅಂದರೆ ವಿಚಾರಿಸು. ‘ಅಪ್ಪನ ಮಾತು ಕೇಳು’ ಅಂದರೆ ಹೇಳಿದಂತೆ ಮಾಡು. ದೇಶದ ದೊಡ್ಡ ದೊಡ್ಡ ವಕೀಲರು ದಶಕಗಟ್ಟಲೆ ವಾದ ಮಾಡಿದ್ದು ಇದೇ ವ್ಯತ್ಯಾಸಕ್ಕೆ. 1981ರಲ್ಲಿ ಸುಪ್ರೀಂ ಕೋರ್ಟ್, ವಿಚಾರಿಸಿದರೆ ಸಾಕು, ಕೊನೆಯ ಮಾತು ಸರ್ಕಾರದ್ದು ಅಂತು. 1993ರಲ್ಲಿ ಅದೇ ಕೋರ್ಟು ಅದೇ ಪದ ಓದಿ, ಇಲ್ಲ, ಒಪ್ಪಿಗೆಯೇ ಬೇಕು ಅಂತು. ಜಡ್ಜ್‌ಗಳೇ ಕೂತು ಜಡ್ಜ್‌ಗಳನ್ನು ಆರಿಸೋ ಕೂಟ, ಅಂದರೆ ಕೊಲಿಜಿಯಂ, ಹುಟ್ಟಿದ್ದು ಹೀಗೆ. ಮುಖ್ಯ ನ್ಯಾಯಮೂರ್ತಿ ಜೊತೆಗೆ ನಾಲ್ವರು ಹಿರಿಯರು ಅನ್ನೋ ಲೆಕ್ಕ ಬಂದಿದ್ದು 1998ರಲ್ಲಿ.

ಕೋರ್ಟು ಯಾಕೆ ಹೀಗೆ ತಿರುಗಿ ನಿಂತಿತು? 1973ರ ಏಪ್ರಿಲ್ ನೋಡಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಕೇಸಿನ ತೀರ್ಪು ಬಂತು, 24ನೇ ತಾರೀಖು. ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಅಂತ, 7–6ರ ಬಹುಮತ. ಅದರ ಬೆನ್ನಿಗೇ ಎ.ಎನ್. ರೇ ಮುಖ್ಯ ನ್ಯಾಯಮೂರ್ತಿಯಾದರು. ಅವರಿಗಿಂತ ಹಿರಿಯರಾದ ಮೂವರನ್ನು ಸರ್ಕಾರ ಪಕ್ಕಕ್ಕೆ ಸರಿಸಿತ್ತು. ಮೂವರೂ ತೀರ್ಪಿನಲ್ಲಿ ಸರ್ಕಾರಕ್ಕೆ ವಿರುದ್ಧ ನಿಂತವರು. ಅವರಲ್ಲೊಬ್ಬರು ನಮ್ಮ ಘಟ್ಟ ಇಳಿದರೆ ಸಿಗೋ ಕಾರ್ಕಳ ತಾಲ್ಲೂಕಿನವರು, ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಎದ್ದು ಹೋದರು.

[ದೃಶ್ಯ: ಮಂಡಿಯಲ್ಲಿ ಅಡಿಕೆ ರಾಶಿ. ಒಂದು ಕೈ ಬೊಗಸೆ ತುಂಬಿಕೊಂಡು ಮತ್ತೆ ಸುರಿಯುತ್ತದೆ]

ಅಡಿಕೆ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ. ಸರಕು ಅಂದರೆ ಮೇಲ್ದರ್ಜೆಯ ಅಡಿಕೆ, ಗೊರಬಲು ಅಂದರೆ ಕೆಳದರ್ಜೆಯದು. ಕೊಳ್ಳುವವನೇ ಗ್ರೇಡ್ ಮಾಡಿದರೆ ಸರಕೂ ಗೊರಬಲು. ಅದು 1973. ಬೆಳೆದವನೇ ಗ್ರೇಡ್ ಮಾಡಿದರೆ? ಗೊರಬಲೂ ಸರಕು! ಜಡ್ಜ್‌ಗಳೇ ಬಾಗಿಲು ಹಾಕಿಕೊಂಡು ಜಡ್ಜ್‌ಗಳನ್ನು ಆರಿಸೋ ಕೊಲಿಜಿಯಂ ಮೇಲಿನ ದೂರು ಇದೇ. ಸಂಬಂಧಿಕರು, ಶಿಷ್ಯರು, ಗೊತ್ತಿರೋ ಮನೆತನ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ.

ಹಾಗಾದರೆ ಆಯೋಗ ಮಾಡೋಣ ಅಂತ 2014ರಲ್ಲಿ ಸಂಸತ್ತು 99ನೇ ತಿದ್ದುಪಡಿ ತಂತು. ಆರು ಜನ: ಮೂವರು ಜಡ್ಜ್, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಕೇಳೋಕೆ ಚೆನ್ನಾಗಿದೆ. ತೊಡಕು ಇದ್ದದ್ದು ಕಾಯಿದೆಯ ಒಂದು ಸಾಲಿನಲ್ಲಿ: ಯಾರಾದರೂ ಇಬ್ಬರು ಬೇಡ ಅಂದರೆ ಆ ಹೆಸರು ಅಲ್ಲಿಗೆ ಮುಗೀತು. ಮಂತ್ರಿ ಮತ್ತು ಒಬ್ಬ ಗಣ್ಯರು ಸೇರಿದರೆ ಮೂವರು ಜಡ್ಜ್‌ಗಳ ಮಾತು ನಡೆಯಲ್ಲ. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ 4–1ರಲ್ಲಿ ಅದನ್ನು ತಳ್ಳಿಹಾಕಿತು. ಒಪ್ಪದ ಒಬ್ಬರು ಚಲಮೇಶ್ವರ್. ತಮ್ಮ ಅಧಿಕಾರದ ಕೇಸಿಗೆ ತಾವೇ ತೀರ್ಪು ಕೊಟ್ಟುಕೊಂಡರು ಅಂತ ಟೀಕೆ ಬಂತು. ಬರಲೇಬೇಕಾಗಿತ್ತು ಬಿಡಿ.

ನನ್ನನ್ನು ಕೇಳಿದರೆ (ವಿಚಾರಿಸೋ ಅರ್ಥದ ‘ಕೇಳು’) ಆಯೋಗವೇ ಸರಿ, ಆದರೆ ಇಂಥದ್ದಲ್ಲ. ಸಂವಿಧಾನ ಪರಾಮರ್ಶೆಗೆ ನೇಮಿಸಿದ್ದ ಆಯೋಗ 2002ರಲ್ಲೇ ಐದು ಜನರ ನೇಮಕಾತಿ ಆಯೋಗ ಮಾಡಿ ಅಂದಿತ್ತು. ಅದರ ಅಧ್ಯಕ್ಷರು ನಮ್ಮ ಎಂ.ಎನ್. ವೆಂಕಟಾಚಲಯ್ಯನವರು. ಮೂವರು ಜಡ್ಜ್, ಒಬ್ಬ ಮಂತ್ರಿ, ಒಬ್ಬ ಗಣ್ಯರು. ಸರ್ಕಾರ ಒಳಗೆ ಕೂರುತ್ತೆ, ಆದರೆ ಬಹುಮತ ಜಡ್ಜ್‌ಗಳದ್ದೇ. ಅದಕ್ಕೆ ಇಂಗ್ಲೆಂಡಿನ ಒಂದು ಪದ್ಧತಿಯನ್ನೂ ಸೇರಿಸಬಹುದು. 2006ರಿಂದ ಅಲ್ಲಿ ಆಯೋಗ ಇದೆ. ಹುದ್ದೆ ಖಾಲಿ ಅಂತ ಜಾಹೀರಾತು ಕೊಡ್ತಾರೆ, ಬೇಕಾದವರು ಅರ್ಜಿ ಹಾಕ್ತಾರೆ. ನಮ್ಮಲ್ಲಿ ಹೈಕೋರ್ಟ್ ಜಡ್ಜ್ ಆಗೋಕೆ ಅರ್ಜಿಯೇ ಇಲ್ಲ, ಯಾರೋ ನಿಮ್ಮನ್ನು ಗಮನಿಸಿರಬೇಕು. ತೀರ್ಥಹಳ್ಳಿಯ ಒಬ್ಬ ಒಳ್ಳೆ ವಕೀಲೆಯನ್ನು ಬೆಂಗಳೂರಿನಲ್ಲಿ ಯಾರು ಗಮನಿಸ್ತಾರೆ ಹೇಳಿ?

[ದೃಶ್ಯ: ಮೇಜಿನ ಮೇಲೆ ದಾರ ಕಟ್ಟಿದ ಫೈಲು]

ಇನ್ನು ಸರ್ಕಾರ ಪಾಪ ಅಧಿಕಾರ ಕಳೆದುಕೊಂಡಿದೆ ಅಂದ್ಕೋಬೇಡಿ. ಕೊಲಿಜಿಯಂ ಹೆಸರು ಕಳಿಸುತ್ತೆ. ಸರ್ಕಾರ ಒಮ್ಮೆ ವಾಪಸ್ ಕಳಿಸಬಹುದು, ಅದೇ ಹೆಸರು ಮತ್ತೆ ಬಂದರೆ ನೇಮಕ ಮಾಡಲೇಬೇಕು. ಆದರೆ ವಾಪಸ್ಸೂ ಕಳಿಸದೆ, ನೇಮಕವೂ ಮಾಡದೆ ಫೈಲನ್ನು ಹಾಗೇ ಇಟ್ಟುಕೊಂಡರೆ? ಸಂವಿಧಾನದಲ್ಲಿ ಗಡುವು ಬರೆದಿಲ್ಲ. ಆಯೋಗ ಬಂದರೂ ಆ ಗಡುವಿನ ಸಾಲು ಇಲ್ಲದಿದ್ದರೆ ಫೈಲು ಇದೇ ಮೇಜಿನ ಮೇಲೆ ಇರುತ್ತೆ.

[ದೃಶ್ಯ: ಮತ್ತೆ ಕೋರ್ಟ್ ಆವರಣ. ಮಳೆ ನಿಂತಿದೆ. ಒಂದು ಹೆಸರು ಕೂಗುತ್ತಾರೆ. ಒಬ್ಬರು ಕೊಡೆ ಬಿಟ್ಟು, ಪ್ಲಾಸ್ಟಿಕ್ ಕವರ್ ಹಿಡಿದು ಒಳಗೆ ಓಡುತ್ತಾರೆ]