ಹತ್ತೊಂಬತ್ತರ ಹುಡುಗ, ಗ್ಯಾಲರಿಯ ತಾಳ್ಮೆ

ಮಾನ್ಯ ಅಧ್ಯಕ್ಷರೇ, ದೈಹಿಕ ಶಿಕ್ಷಣ ವಿಭಾಗದ ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ, ತಮಗೆಲ್ಲ ಶರಣು ಶರಣಾರ್ಥಿಗಳು.

ವಿಜಯಪುರದಲ್ಲಿ ಆಟದ ಬಗ್ಗೆ ಮಾತನಾಡಲು ನಿಂತವನು ಸೈಕ್ಲಿಂಗಿನಿಂದ ಶುರುಮಾಡಿ ಕುಸ್ತಿಯಲ್ಲಿ ಮುಗಿಸುವುದು ವಾಡಿಕೆ. ಬ್ಯಾಸ್ಕೆಟ್‌ಬಾಲ್ ಯಾಕ್ರೀ ಸರ್ ಎಂದು ಸಂಘಟಕರೇ ನನ್ನನ್ನು ಕೇಳಿದರು. ಅದಕ್ಕೊಂದು ಕಾರಣವಿದೆ. ಅಮೆರಿಕದಲ್ಲಿ ರಾತ್ರಿ ನಡೆಯುವ, ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಗಳು ನಮಗೆ ಬೆಳಗಿನ ಹೊತ್ತಿಗೆ ಬೀಳುತ್ತವೆ, ನಮ್ಮ ಓಣಿಯ ಮೂರ್ನಾಲ್ಕು ಹುಡುಗರು ಆರು ಗಂಟೆಗೇ ಎದ್ದು ಕಟ್ಟೆಯ ಮೇಲೆ ಕುಳಿತು ಒಂದೇ ಮೊಬೈಲಿನಲ್ಲಿ ಅದನ್ನು ನೋಡುತ್ತಾರೆ. ಒಂದು ದಿನ ವಾಕಿಂಗ್ ಮುಗಿಸಿ ಬರುತ್ತಿದ್ದ ನನಗೆ ಅವರಲ್ಲೊಬ್ಬ ಆ ವರ್ಷವಷ್ಟೇ ತಂಡ ಸೇರಿದ ಆಟಗಾರನನ್ನು ತೋರಿಸಿ, "ಇವನ ಕತಿ ಮುಗೀತ್ರಿ ಸರ್" ಎಂದ. ಆ ಆಟಗಾರನ ವಯಸ್ಸು ಹತ್ತೊಂಬತ್ತು. ತೀರ್ಪು ಕೊಟ್ಟವನ ವಯಸ್ಸೂ ಹತ್ತೊಂಬತ್ತೇ, ಮೇಲಾಗಿ ಅವನ ಎರಡು ವಿಷಯಗಳು ಇನ್ನೂ ಬಾಕಿ ಇದ್ದವು. ನನಗೆ ನಗು ಬಂತು. ಮನೆಗೆ ಹೋಗಿ ಚಹಾ ಕುಡಿಯುವ ಹೊತ್ತಿಗೆ ಆ ನಗು ಹೋಗಿತ್ತು, ಏಕೆಂದರೆ ಅದೇ ತೀರ್ಪನ್ನು ನಾನೂ ಒಮ್ಮೆ ಕೊಟ್ಟವನು. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಮೊದಲು ಅಂಥ ಹೊಸ ಆಟಗಾರ ವೃತ್ತಿಪರ ಅಂಗಳಕ್ಕೆ ಬರುವ ದಾರಿಯನ್ನು ನೋಡೋಣ. ನಮ್ಮ ಗರಡಿಮನೆಯಲ್ಲಿ ವಸ್ತಾದನಾದವನು ಹುರಿಗೊಳ್ಳದ ಹುಡುಗನನ್ನು ಜಾತ್ರೆಯ ದೊಡ್ಡ ನಿಕಾಲಿ ಕುಸ್ತಿಗೆ, ಅಂದರೆ ಸೋಲು-ಗೆಲುವು ಇತ್ಯರ್ಥವಾಗುವವರೆಗೆ ನಡೆಯುವ ಕುಸ್ತಿಗೆ, ಇಳಿಸುವುದಿಲ್ಲ. ತೂಕಕ್ಕೆ ತೂಕ, ಕಸುವಿಗೆ ಕಸುವು ನೋಡಿ ಜೋಡಿ ಕಟ್ಟುತ್ತಾನೆ, ಸಣ್ಣ ಕುಸ್ತಿಗಳಲ್ಲಿ ನಾಲ್ಕು ಸಲ ಬಿದ್ದೆದ್ದ ಮೇಲೆಯೇ ಮುಂದಿನ ಮಾತು. ಎನ್‌ಬಿಎ ಪದ್ಧತಿ ಇದಕ್ಕೆ ನೇರ ತಿರುವುಮುರುವು. ಅಲ್ಲಿ ಮೂವತ್ತು ತಂಡಗಳಿವೆ. ಪ್ರತಿ ವರ್ಷ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ, ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚಿರುತ್ತದೆ. ಬೇಕೆಂದೇ ಸೋಲುವುದನ್ನು ತಡೆಯಲು 1985ರಿಂದ ಲಾಟರಿ ತಂದರು, ಆದರೂ ತತ್ತ್ವ ಬದಲಾಗಿಲ್ಲ. ಅಂದರೆ ಆ ವರ್ಷದ ಅತ್ಯಂತ ಪ್ರತಿಭಾವಂತ ಹುಡುಗ ಹೋಗಿ ಸೇರುವುದು ಸಾಮಾನ್ಯವಾಗಿ ತೀರಾ ದುರ್ಬಲ ತಂಡಗಳಲ್ಲೊಂದನ್ನು. ಅಲ್ಲಿ ಅವನಿಗೆ ಪಾಸ್ ಕೊಡುವವರೂ ಎಳಬರು, ಎದುರಿಗೆ ನಿಲ್ಲುವವರು ಮಾತ್ರ ಹತ್ತು ವರ್ಷ ಪಳಗಿದ ಗಂಡಸರು. ಲೀಗ್ ಹಂತದಲ್ಲೇ 82 ಪಂದ್ಯಗಳನ್ನು ಆಡಬೇಕು. ಕಾಲೇಜಿನಲ್ಲಿ ಮೂವತ್ತು ಮೂವತ್ತೈದು ಪಂದ್ಯ ಆಡಿ ಬಂದವನ ಮೊಣಕಾಲು ಜನವರಿಯ ಹೊತ್ತಿಗೆ ಏನು ಹೇಳುತ್ತದೆಯೋ ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಹೊಸಬ ಎಡವುವಂತೆಯೇ ಕಟ್ಟಿದ ವ್ಯವಸ್ಥೆಯಿದು. ಅವನು ಎಡವಿದಾಗ ನಾವು ಆಶ್ಚರ್ಯಪಡುತ್ತೇವೆ.

ಇನ್ನೊಂದು ಸಂಗತಿ ಅಂಗಳದ ಅಳತೆಗೆ ಸಂಬಂಧಿಸಿದ್ದು. ನಮ್ಮೂರ ರಸ್ತೆಯಲ್ಲಿ ಸೈಕಲ್ ರೇಸ್ ನಡೆದಾಗ ಸವಾರ ನಮ್ಮ ಕಣ್ಣಮುಂದೆ ಇರುವುದು ಹೆಚ್ಚೆಂದರೆ ಹತ್ತು ಸೆಕೆಂಡು, ಬೈಯಬೇಕೆಂದರೂ ಬೈಗುಳ ಬಾಯಿಗೆ ಬರುವುದರೊಳಗೆ ಅವನು ತಿರುವು ದಾಟಿರುತ್ತಾನೆ. ಬ್ಯಾಸ್ಕೆಟ್‌ಬಾಲ್ ಅಂಗಳ ಎನ್‌ಬಿಎಯಲ್ಲಿ 94 ಅಡಿ ಉದ್ದ, 50 ಅಡಿ ಅಗಲ, ಅದರಲ್ಲಿ ಒಟ್ಟು ಹತ್ತೇ ಮಂದಿ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಮುಂದಿನ ಸಾಲಿನವನ ಕಾಲು ಗೆರೆಗೆ ತಾಗುವಷ್ಟು ಹತ್ತಿರ. ಆಟಗಾರ ತುಟಿ ಕಚ್ಚಿದ್ದು ನಮಗೆ ಕಾಣುತ್ತದೆ, ನಾವಾಡಿದ ಮಾತು ಅವನಿಗೆ ಕೇಳುತ್ತದೆ. ಅದರಲ್ಲೂ ಎದುರಾಳಿ ಫೌಲ್ ಮಾಡಿದ್ದಕ್ಕೆ ಸಿಗುವ, ಯಾರೂ ಅಡ್ಡಬರದ ಫ್ರೀ ಥ್ರೋ ಎಸೆಯುವಾಗ ಆಟವೆಲ್ಲ ನಿಂತು, ಹತ್ತು ಅಡಿ ಎತ್ತರದ ಆ ರಿಂಗಿನ ಎದುರು ಅವನೊಬ್ಬನೇ ಉಳಿಯುತ್ತಾನೆ.

ಮಾರ್ಕೆಲ್ ಫುಲ್ಟ್ಜ್ ಎಂಬ ಹುಡುಗನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫಿಲಡೆಲ್ಫಿಯಾ ತಂಡ ವರ್ಷಗಟ್ಟಲೆ ಸೋತು ಸೋತು ಭವಿಷ್ಯ ಕಟ್ಟುವ ಯೋಜನೆ ಹಾಕಿತ್ತು, 2015–16ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ ಹತ್ತು. ಅಭಿಮಾನಿಗಳು ಅದನ್ನೂ ನುಂಗಿಕೊಂಡರು. 2017ರಲ್ಲಿ ಆ ತಂಡ ಬೋಸ್ಟನ್ನಿಗೆ ತನ್ನ ಮೂರನೆಯ ಆಯ್ಕೆಯ, ಅಂದರೆ ಡ್ರಾಫ್ಟ್‌ನಲ್ಲಿ ಮೂರನೆಯವನನ್ನು ಆರಿಸಿಕೊಳ್ಳುವ ಹಕ್ಕಿನ, ಜೊತೆಗೆ ಮುಂದಿನ ಡ್ರಾಫ್ಟ್‌ನ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ ಕೊಟ್ಟು, ಮೊದಲ ಆಯ್ಕೆಯನ್ನು ಪಡೆದು ಫುಲ್ಟ್ಜ್‌ನನ್ನು ಆರಿಸಿಕೊಂಡಿತು. ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ 23 ಅಂಕ ಗಳಿಸಿ, ಮೂರು ಅಂಕ ತರುವ ದೂರದ ಎಸೆತಗಳಲ್ಲಿ ನೂರಕ್ಕೆ 41ನ್ನು ಬುಟ್ಟಿಗೆ ಹಾಕಿದ ಕೈ ಅದು. ಆದರೆ ಋತು ಆರಂಭವಾಗುವ ಹೊತ್ತಿಗೆ ಆ ಕೈಗೆ ಏನೋ ಆಗಿತ್ತು. ಫ್ರೀ ಥ್ರೋ ಎಸೆಯಲು ಚೆಂಡನ್ನು ಎತ್ತಿದರೆ ಮೊಣಕೈ ಹೋಗುವ ದಾರಿಯೇ ಬೇರೆಯಾಗಿತ್ತು. ನಾಲ್ಕು ಪಂದ್ಯ ಆಡಿ, ಭುಜದ ನೋವೆಂದು ಹೊರಗೆ ಕುಳಿತವನು ಐದು ತಿಂಗಳು ಬರಲಿಲ್ಲ. ಅತ್ತ ಬೋಸ್ಟನ್ ಅದೇ ಮೂರನೆಯ ಆಯ್ಕೆಯಲ್ಲಿ ತೆಗೆದುಕೊಂಡ ಜೇಸನ್ ಟೇಟಮ್ ಮೊದಲ ವರ್ಷವೇ ಮಿಂಚುತ್ತಿದ್ದ. ನಿಮ್ಮ ಹೊಲ ಕೊಟ್ಟು ಕೊಂಡ ಎತ್ತು ಕೊಟ್ಟಿಗೆಯಲ್ಲಿ ಮಲಗಿರುವಾಗ ಮಗ್ಗುಲ ಮನೆಯವನ ಎತ್ತು ಓಟದಲ್ಲಿ ಮೊದಲು ಬಂದರೆ ಹೇಗಿರುತ್ತದೆ, ಲೆಕ್ಕ ಹಾಕಿ.

ಫಿಲಡೆಲ್ಫಿಯಾದ ಪ್ರೇಕ್ಷಕರು ಸಾಧುಗಳಲ್ಲ. 1968ರಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರ ಮಧ್ಯೆ ಸಾಂತಾಕ್ಲಾಸ್ ವೇಷದವನ ಮೇಲೂ ಹಿಮದ ಉಂಡೆ ಎಸೆದವರು ಅವರು! ಅಂಥ ಊರಿನಲ್ಲಿ 2018ರ ಮಾರ್ಚ್ 26ರಂದು ಫುಲ್ಟ್ಜ್ ಮತ್ತೆ ಅಂಗಳಕ್ಕೆ ಇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ವಾರದ ಮೇಲೆ ಅವನು ಒಂದೇ ಪಂದ್ಯದಲ್ಲಿ 13 ಅಂಕ, 10 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), 10 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್) ಗಳಿಸಿದ, ಇಪ್ಪತ್ತು ತುಂಬುವ ಮೊದಲೇ ಅದನ್ನು ಮಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ ಬೀಳುತ್ತಿತ್ತು. ಮುಂದಿನ ನವೆಂಬರಿನಲ್ಲಿ ಆ ಮೊಣಕೈ ಮತ್ತೆ ತಡೆಯಿತು. ಚೆಂಡು ಎತ್ತಿ, ನಡುವೆ ನಿಲ್ಲಿಸಿ, ಮತ್ತೆ ಎಸೆಯುತ್ತಿದ್ದ ಆ ದೃಶ್ಯವನ್ನು ಲಕ್ಷಾಂತರ ಜನ ಮೊಬೈಲಿನಲ್ಲಿ ತಿರುಗಾಮುರುಗಾ ನೋಡಿ ನಕ್ಕರು. ಕತ್ತು ಮತ್ತು ಭುಜದ ನಡುವೆ ಹಾಯುವ ನರಗಳ ಮೇಲೆ ಒತ್ತಡ ಬೀಳುವ ತೊಂದರೆ ಅವನಿಗಿದೆ ಎಂದು ವೈದ್ಯರು ಹೇಳಿದ್ದು ಡಿಸೆಂಬರಿನಲ್ಲಿ. ಅದಕ್ಕೂ ಮುಂಚಿನ ಒಂದು ವರ್ಷ, ಅವನ ತಲೆಯಲ್ಲೇ ದೋಷ ಎಂದವರ ಸಂಖ್ಯೆ ಕಡಿಮೆಯಿರಲಿಲ್ಲ. ಮರು ಫೆಬ್ರವರಿಯಲ್ಲಿ ಅವನನ್ನು ಒರ್ಲಾಂಡೊ ತಂಡಕ್ಕೆ ಕೊಟ್ಟುಬಿಟ್ಟರು. ಅಲ್ಲಿ ಒಂದಿಡೀ ಋತು ನೆಟ್ಟಗೆ ಆಡಿದ, 2021ರ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, ಮತ್ತೆ ಎದ್ದು ಬಂದು ಆಡಿದ. ಮಹಾ ಆಟಗಾರನೇನೂ ಆಗಲಿಲ್ಲ.

ಈಗ ನನ್ನ ತಪ್ಪಿನ ಮಾತು. ಬಹಳ ವರ್ಷಗಳ ಹಿಂದೆ ಇದೇ ಊರಿನ ಒಂದು ಸಿಮೆಂಟ್ ಅಂಗಳದಲ್ಲಿ ಅಂತರ ಕಾಲೇಜು ಪಂದ್ಯ ನಡೆದಿತ್ತು. ನಮ್ಮ ತಂಡದಲ್ಲಿ ಇಂಡಿ ಕಡೆಯ ಒಬ್ಬ ಎತ್ತರದ ಹುಡುಗನಿದ್ದ. ಎತ್ತರ ನೋಡಿಯೇ ತಂಡಕ್ಕೆ ತೆಗೆದುಕೊಂಡಿದ್ದೆವು, ಆಟ ಕಲಿತು ಎಂಟು ತಿಂಗಳಾಗಿತ್ತಷ್ಟೇ. ಸಾಲಾಗಿ ಮೂರು ಫ್ರೀ ಥ್ರೋ ತಪ್ಪಿಸಿದ. ನಾನು ಪ್ರೇಕ್ಷಕರ ಮಧ್ಯೆ ನಿಂತು, ನಮ್ಮ ಕೋಚಿಗೆ ಕೇಳಲೆಂದು, "ಏ, ಅವನ್ನ ಕುಂದ್ರಸ್ರೋ!" ಎಂದು ಕೂಗಿದೆ. ಕೋಚಿಗೆ ಕೇಳಿತೋ ಇಲ್ಲವೋ, ಹುಡುಗನಿಗೆ ಕೇಳಿತು. ಎರಡೂ ಅಂಗೈಗಳನ್ನು ಚಡ್ಡಿಗೆ ಉಜ್ಜಿಕೊಂಡು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಅವನು ತಪ್ಪು ಮಾಡಲೇ ಇಲ್ಲ, ಏಕೆಂದರೆ ಎಸೆಯಲೇ ಇಲ್ಲ. ರಿಂಗಿನ ಕೆಳಗೆ ಎದುರಿಗೆ ಯಾರೂ ಇಲ್ಲದೆ ನಿಂತಾಗಲೂ ಚೆಂಡು ಕೈಗೆ ಬಂದ ಕೂಡಲೇ ಬಿಸಿ ಕೆಂಡ ಹಿಡಿದವನಂತೆ ಬೇರೆಯವನಿಗೆ ದಾಟಿಸಿಬಿಡುತ್ತಿದ್ದ. ಸ್ಕೋರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮುಂದಿನ ಪಂದ್ಯಗಳಲ್ಲಿ ತಪ್ಪಿದ ಎಸೆತಗಳು ಇಲ್ಲವೆನ್ನುವಷ್ಟು ಕಡಿಮೆ. ನೋಡಿದವರು ಸುಧಾರಿಸಿದ್ದಾನೆ ಎಂದರು. ಮರುವರ್ಷ ಅವನು ತಂಡಕ್ಕೆ ಬರಲಿಲ್ಲ.

ಗ್ಯಾಲರಿಯ ಸಿಟ್ಟು ಮಾಡುವ ದೊಡ್ಡ ಹಾನಿ ಇದೇ ಎಂಬುದು ನನ್ನ ಅಭಿಪ್ರಾಯ. ಆಟಗಾರನಿಗೆ ನೋವಾಗುವುದು ಹಾಗಿರಲಿ, ನೋವು ಆರುತ್ತದೆ. ಅವನು ತಪ್ಪನ್ನು ಅಡಗಿಸಲು ಕಲಿಯುತ್ತಾನೆ, ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ. ಲಕ್ಷಗಟ್ಟಲೆ ಡಾಲರ್ ಪಡೆಯುವವರೂ ಇದಕ್ಕೆ ಹೊರತಲ್ಲ. ಅದೇ ಫಿಲಡೆಲ್ಫಿಯಾದ, 2016ರ ಮೊದಲ ಆಯ್ಕೆಯಾಗಿದ್ದ ಬೆನ್ ಸಿಮನ್ಸ್, 2021ರ ಜೂನಿನಲ್ಲಿ ಅಟ್ಲಾಂಟಾ ವಿರುದ್ಧದ ಏಳನೆಯ ನಿರ್ಣಾಯಕ ಪಂದ್ಯದ ಕೊನೆಯ ಘಟ್ಟದಲ್ಲಿ ಬುಟ್ಟಿಯ ಬುಡದಲ್ಲೇ ನಿಂತು, ಎಸೆಯುವುದನ್ನು ಬಿಟ್ಟು ಪಾಸ್ ಕೊಟ್ಟ. ಲೀಗ್ ಹಂತದ ನಂತರದ ಆ ಪ್ಲೇಆಫ್‌ಗಳಲ್ಲಿ ಅವನ ಫ್ರೀ ಥ್ರೋಗಳು ನೂರಕ್ಕೆ 34ರಷ್ಟೇ ಬಿದ್ದಿದ್ದವು, ಯಾರಾದರೂ ಫೌಲ್ ಮಾಡಿ ಆ ಗೆರೆಯ ಮೇಲೆ ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆ ಇತ್ತೆಂದು ನೋಡಿದವರಿಗೆಲ್ಲ ಅನ್ನಿಸಿತು. ಇಂಡಿ ಕಡೆಯ ಆ ಹುಡುಗ ನನಗೆ ನೆನಪಾದದ್ದು ಆವಾಗ. ಇದಕ್ಕೆ ಪ್ರತಿಯಾಗಿ, 1997ರಲ್ಲಿ, ಮುಂದೆ ದೊಡ್ಡ ಆಟಗಾರನಾದ, ಆಗ ಹದಿನೆಂಟರ ಕೋಬಿ ಬ್ರಯಂಟ್ ಯೂಟಾ ವಿರುದ್ಧ ಸೋತ ಪಂದ್ಯದ ಕೊನೆಯ ಹೊತ್ತಿನಲ್ಲಿ ನಾಲ್ಕು ಸಲ ಎಸೆದ ಚೆಂಡು ರಿಂಗನ್ನು ಮುಟ್ಟಲೂ ಇಲ್ಲ. ಎದುರಾಳಿಯ ಊರು ಗೇಲಿ ಮಾಡಿತು, ಆದರೆ ನಾಲ್ಕನೆಯದನ್ನೂ ಎಸೆಯುವಷ್ಟು ಎದೆ ಅವನಲ್ಲಿ ಉಳಿದಿತ್ತು. ಆ ಪಂದ್ಯವನ್ನು ನೋಡುವಾಗ ನಾನು ಎಣಿಸುವುದು ತಪ್ಪಿದ್ದನ್ನಲ್ಲ, ಎಸೆದದ್ದನ್ನು.

ತಾಳ್ಮೆ ಎಂದರೆ ಸುಮ್ಮನೆ ಕಾಯುವುದು ಎಂದು ನಾವು ತಿಳಿದಿದ್ದೇವೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ ಬೇರೆಯೇ ಮಾತು ಸಿಗುತ್ತದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ಮೇಲೆ ಬಳ್ಳಿಯಲ್ಲಿ ಎಲೆ, ಕಡ್ಡಿ ಬಿಟ್ಟರೆ ಮಾರುವಂಥದ್ದು ಏನೂ ಇರುವುದಿಲ್ಲ. ಆದರೆ ಅಕ್ಟೋಬರ್ ಚಾಟ್ನಿಯ ನಂತರ ಕಡ್ಡಿಯ ಯಾವ ಕಣ್ಣಿನಿಂದ, ಅಂದರೆ ಮೊಗ್ಗಿನಿಂದ, ಗೊನೆ ಹೊರಡಬೇಕೋ ಆ ಕಣ್ಣಿನೊಳಗೆ ಗೊನೆ ಮೂಡುವುದು ಈ ಹಣ್ಣಿಲ್ಲದ ತಿಂಗಳುಗಳಲ್ಲೇ. ರೈತ ಆಗ ಕೈಕಟ್ಟಿ ಕುಳಿತಿರುವುದಿಲ್ಲ. ಕಡ್ಡಿಯ ದಪ್ಪ ನೋಡುತ್ತಾನೆ, ಎಲೆ ಎಣಿಸುತ್ತಾನೆ, ಕೆಲವರು ಕಡ್ಡಿ ಕತ್ತರಿಸಿ ಒಯ್ದು ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿಕೊಂಡೂ ಬರುತ್ತಾರೆ. ಅಭಿಮಾನಿಯಾದವನು ನೋಡಬೇಕಾದದ್ದೂ ಹೀಗೇ ಇದೆ: ಚೆಂಡು ಕಳೆದುಕೊಂಡ ಮೇಲೆ ಹುಡುಗ ಹಿಂದಕ್ಕೆ ಓಡುತ್ತಾನೋ ತಲೆ ಅಲ್ಲಾಡಿಸುತ್ತ ನಿಲ್ಲುತ್ತಾನೋ, ನವೆಂಬರಿನಲ್ಲಿ ಮೋಸಹೋದ ಅದೇ ತಿರುವಿಗೆ ಮಾರ್ಚಿನಲ್ಲೂ ಮೋಸಹೋಗುತ್ತಾನೋ, ತಪ್ಪಿದ ಮೇಲೆ ಮುಂದಿನ ಎಸೆತಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಯಾನಿಸ್ ಅಂಟೆಟೊಕೂಂಪೊ 2013ರಲ್ಲಿ ಹದಿನೈದನೆಯವನಾಗಿ ಆಯ್ಕೆಯಾಗಿ ಮಿಲ್ವಾಕಿಗೆ ಬಂದಾಗ ಮೊದಲ ವರ್ಷದ ಸರಾಸರಿ 6.8 ಅಂಕ, ತಂಡ ಗೆದ್ದದ್ದು 15 ಪಂದ್ಯ. ತಂಡ ಸೇರಿದ ಮೇಲೂ ಅವನು ಎತ್ತರಕ್ಕೆ ಬೆಳೆಯುತ್ತಿದ್ದ, ಮೈಯೇ ಮುಗಿದಿರಲಿಲ್ಲ! 2021ರಲ್ಲಿ ಎದುರಾಳಿ ಊರುಗಳ ಪ್ರೇಕ್ಷಕರು ಅವನು ಫ್ರೀ ಥ್ರೋಗೆ ತೆಗೆದುಕೊಳ್ಳುವ ಸೆಕೆಂಡುಗಳನ್ನು ಒಕ್ಕೊರಲಿನಿಂದ ಎಣಿಸಿ ಅಣಕಿಸುತ್ತಿದ್ದರು. ಆ ವರ್ಷದ ಫೈನಲ್ಸಿನ ಕೊನೆಯ ಪಂದ್ಯದಲ್ಲಿ 19ರಲ್ಲಿ 17 ಫ್ರೀ ಥ್ರೋ ಬುಟ್ಟಿಗೆ ಹಾಕಿ, ಒಟ್ಟು 50 ಅಂಕ ಗಳಿಸಿ, 1971ರ ನಂತರ ಮಿಲ್ವಾಕಿಗೆ ಮೊದಲ ಪ್ರಶಸ್ತಿ ತಂದ.

ಹಾಗೆಂದು ಕಾದವರಿಗೇ ಫಲ ಎನ್ನುವ ಭರವಸೆಯನ್ನು ನಾನು ಕೊಡಲಾರೆ. ಸ್ಟೀವ್ ನ್ಯಾಶ್‌ನನ್ನು 1999ರಲ್ಲಿ ಡಲ್ಲಾಸಿನ ಸ್ವಂತ ಪ್ರೇಕ್ಷಕರೇ ಹೀಯಾಳಿಸಿದರು, ಮುಂದೆ ಅದೇ ಜನ ಮೆಚ್ಚಿಕೊಂಡರು, ಆದರೆ ಅವನು 2005 ಮತ್ತು 2006ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದಾಗ ಮೈಮೇಲೆ ಇದ್ದದ್ದು ಫೀನಿಕ್ಸ್ ಅಂಗಿ. 2013ರ ಮೊದಲ ಆಯ್ಕೆ ಆಂಥನಿ ಬೆನೆಟ್ ಭುಜದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವನು, ಮೊದಲ ನಾಲ್ಕು ಪಂದ್ಯಗಳಲ್ಲಿ ಆಟದ ನಡುವೆ ಎಸೆದ ಒಂದು ಚೆಂಡನ್ನೂ (ಫೀಲ್ಡ್ ಗೋಲ್) ಬುಟ್ಟಿಗೆ ಹಾಕಲಾಗದೆ, ವರ್ಷದೊಳಗೆ ಕ್ಲೀವ್‌ಲ್ಯಾಂಡ್ ಬಿಟ್ಟು, ಊರೂರು ಅಲೆದು ಮರೆಯಾದ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಡಲ್ಲಾಸಿಗೆ ಆಯ್ಕೆಯಾದಾಗ ನಮ್ಮ ಪತ್ರಿಕೆಗಳು ಮುಖಪುಟದಲ್ಲಿ ಕುಣಿದವು. ಎನ್‌ಬಿಎ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಅವನು ಹಿಂದಿರುಗಿದ ಸುದ್ದಿಗೆ ಮೂಲೆಯಲ್ಲಿ ಜಾಗ ಸಿಕ್ಕಿರಬೇಕು. ನಾವು ಅವನನ್ನು ಹೀಯಾಳಿಸಲಿಲ್ಲ ನಿಜ, ಮರೆತೆವು.

ಕ್ಲಬ್ಬಿನ ತಾಳ್ಮೆ ಕಾಗದದ ಮೇಲಿರುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಎರಡು ವರ್ಷದ ಸಂಬಳ ಖಾತ್ರಿ, ಮೂರನೆಯ ಮತ್ತು ನಾಲ್ಕನೆಯ ವರ್ಷ ಕ್ಲಬ್ಬಿನ ಮರ್ಜಿ. ಪ್ರೇಕ್ಷಕನ ತಾಳ್ಮೆಗೆ ಕರಾರು ಇಲ್ಲ, ಅವನು ಟಿಕೆಟ್ಟಿಗೆ ಹಣ ಕೊಟ್ಟಿರುತ್ತಾನೆ, ಗೊಣಗುವ ಹಕ್ಕೂ ಅವನಿಗಿದೆ. ಕೆಟ್ಟ ವ್ಯಾಪಾರ ಮಾಡಿದ ಆಡಳಿತದವರ ಮೇಲೆ ಬರಬೇಕಾದ ಸಿಟ್ಟು ಹುಡುಗನ ಮೇಲೆ ಬೀಳುವುದಷ್ಟೇ ನನ್ನ ತಕರಾರು. ಮೊದಲ ಆಯ್ಕೆ ಎಂಬ ಅಂಕಿಯನ್ನು ಅವನು ತಾನಾಗಿ ಬೆನ್ನಿಗೆ ಹಚ್ಚಿಕೊಂಡು ಬಂದವನಲ್ಲ.

ಕಳೆದ ಡಿಸೆಂಬರಿನಲ್ಲಿ ಅದೇ ಸಿಮೆಂಟ್ ಅಂಗಳಕ್ಕೆ ಹೋಗಿದ್ದೆ. ಈಗ ರಿಂಗಿಗೆ ಹೊಸ ಬಲೆ ಹಾಕಿದ್ದಾರೆ. ಪಿಯುಸಿ ಹುಡುಗನೊಬ್ಬ ಫ್ರೀ ಥ್ರೋ ಗೆರೆಯ ಮೇಲೆ ನಿಂತಿದ್ದ, ಮೊದಲನೆಯದು ಬೋರ್ಡಿನ ಅಂಚಿಗೆ ಬಡಿದು ಹೊರಗೆ ಹೋಗಿತ್ತು. ನನ್ನ ಹಿಂದಿನಿಂದ ಯಾರೋ ಕೂಗಲು ಉಸಿರು ಎಳೆದುಕೊಂಡದ್ದು ಕೇಳಿತು. ತಿರುಗಿ ನೋಡಿದರೆ ನನ್ನ ವಯಸ್ಸಿನವರೇ, ಪರಿಚಯದ ಮೇಷ್ಟ್ರು. ನಾನು "ತಡೀರಿ ಸರ್, ಇನ್ನೊಂದ ಅದ" ಎಂದೆ. ಎರಡನೆಯದೂ ರಿಂಗಿನ ಮೇಲೆ ಎರಡು ಸುತ್ತು ತಿರುಗಿ ಹೊರಗೇ ಬಿತ್ತು. ಹುಡುಗ ಅದನ್ನು ನೋಡುತ್ತ ನಿಲ್ಲಲಿಲ್ಲ, ಆಗಲೇ ತನ್ನ ಕಡೆಯ ರಿಂಗಿನತ್ತ ಓಡುತ್ತಿದ್ದ.